ಯಾರ ಮೂಲೇಲಿ ನಿಂತ್ಕೋತೀರಿ?

ನಮ್ಮಮ್ಮ ಯಾರಿಗೆ ವೋಟು ಹಾಕುತ್ತಿದ್ದಳು ಅನ್ನೋದು ನಮ್ಮಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಪ್ಪನದು ಬಾಯಿ ಬಿಟ್ಟರೆ ರಾಜಕೀಯ. ಸಾಗರದ ಹತ್ತಿರದ ನಮ್ಮೂರಲ್ಲಿ ಎಲೆಕ್ಷನ್ ಬಂತೆಂದರೆ ತಿಂಗಳುಗಟ್ಟಲೆ ಜಗಲಿಯಲ್ಲಿ ಕವಳ ಹಾಕುತ್ತಾ ಅದೇ ಮಾತು. ವೋಟಿನ ದಿನ ಇಬ್ಬರೂ ಒಟ್ಟಿಗೇ ಶಾಲೆಗೆ ಹೋಗಿ ಬರೋರು. ವಾಪಸು ಬರುವ ದಾರಿಯಲ್ಲೇ ಅಪ್ಪನ ವಿಚಾರಣೆ ಶುರು. "ಯಾರಿಗೆ ಹಾಕ್ದೆ?" ಅಮ್ಮನದು ಪ್ರತಿ ಸಲವೂ ಒಂದೇ ಉತ್ತರ, "ಹಾಕ್ಬೇಕಾದವ್ರಿಗೆ ಹಾಕಿದೀನಿ." ಅಪ್ಪ ರೇಗಿದರೂ ಅಷ್ಟೇ, ಪುಸಲಾಯಿಸಿದರೂ ಅಷ್ಟೇ. ನಾನೊಮ್ಮೆ ಕೇಳಿದ್ದಕ್ಕೆ "ಗಂಡನಿಗೆ ಹೇಳೋ ಹಂಗಿದ್ರೆ ಅಲ್ಲಿ ಪರದೆ ಯಾಕೆ ಕಟ್ತಿದ್ರು ಮಾರಾಯಾ?" ಅಂದಿದ್ದಳು.

ಇಂಥ ಅಮ್ಮನ ಮಗ ನಾನು ಹೋಗಿ ಸೇರಿದ್ದು ಅಮೆರಿಕದ ಅಯೋವಾ ರಾಜ್ಯವನ್ನು. ಪರದೆಯೇ ಇಲ್ಲದೆ ವೋಟು ಹಾಕುವ ಜಾಗ! ಈ ಕಥೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಲೇ ಇದ್ದೆ. ಇದರಲ್ಲಿ ನಾನೇನೂ ಹೀರೋ ಅಲ್ಲ ನೋಡಿ, ಅದಕ್ಕೇ ಮುಂದೂಡುತ್ತಾ ಬಂದೆ ಅನ್ನಿ.

ನಾನಿರುವುದು ಡಿ ಮೋಯ್ನ್ ಊರಿನ ಪಕ್ಕದಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಆ ಹೆಸರಿನಲ್ಲಿ ಎರಡು 'ಎಸ್' ಇರುತ್ತವೆ, ಹೇಳುವಾಗ ಒಂದೂ ಇರುವುದಿಲ್ಲ. ಸುತ್ತ ನೋಡಿದಷ್ಟೂ ಜೋಳ, ಸೋಯಾ, ಹಂದಿ ಸಾಕುವ ಶೆಡ್ಡುಗಳು. ಇಡೀ ರಾಜ್ಯದಲ್ಲಿ ಇರೋದು ಸುಮಾರು 30 ಲಕ್ಷ ಜನ. ಮೂರು ವರ್ಷ ಈ ಕಡೆ ಯಾರೂ ತಿರುಗಿ ನೋಡಲ್ಲ. ನಾಲ್ಕನೇ ವರ್ಷ ಮಾತ್ರ ಅಮೆರಿಕದ ಅಧ್ಯಕ್ಷ ಆಗಬೇಕು ಅಂತಿರುವವರೆಲ್ಲ ಸಾಲಾಗಿ ಬಂದು, ನಮ್ಮ ಊರಿನ ಹೋಟೆಲಿನಲ್ಲಿ ಮೊಟ್ಟೆ ತಿಂದು, ಸಿಕ್ಕಿದವರ ಕೈ ಕುಲುಕಿ ಹೋಗೋರು.

ಯಾಕೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನವೆಂಬರಿನ ಚುನಾವಣೆಗೆ ಮುಂಚೆ ಒಂದೊಂದು ಪಕ್ಷವೂ ತನ್ನ ಅಭ್ಯರ್ಥಿಯನ್ನು ಆರಿಸಬೇಕಲ್ಲ, ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ನಡೆಯುತ್ತದೆ. ಹೆಚ್ಚಿನ ಕಡೆ ಪ್ರೈಮರಿ, ಅಂದರೆ ನಮ್ಮ ಹಾಗೇ ಮತಗಟ್ಟೆಗೆ ಹೋಗಿ ವೋಟು ಹಾಕೋದು. ಅಯೋವಾದಲ್ಲಿ ಕಾಕಸ್. ಕಾಕಸ್ ಅಂದರೆ ಸಭೆ. ಒಂದೊಂದು ವಾರ್ಡಿನ ಪಕ್ಷದ ಜನ ಚಳಿಗಾಲದ ಒಂದು ರಾತ್ರಿ ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ, ಮುಂದಿನ ಹಂತದ ಸಭೆಗೆ ಪ್ರತಿನಿಧಿಗಳನ್ನು ಆರಿಸುತ್ತಾರೆ. ವಾರ್ಡಿನಿಂದ ಕೌಂಟಿಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ, ಹೀಗೆ ನಾಲ್ಕು ಮೆಟ್ಟಿಲು. ಇಷ್ಟೆಲ್ಲ ಹಂತಗಳಿಗೆ ಸಮಯ ಬೇಕು ಅಂತ 1972ರಲ್ಲಿ ಡೆಮಾಕ್ರಟಿಕ್ ಪಕ್ಷದವರು ಮೊದಲ ಸಭೆಯನ್ನು ಜನವರಿಗೇ ಇಟ್ಟುಕೊಂಡರು. ಹಾಗಾಗಿ ದೇಶಕ್ಕೇ ಮೊದಲಾಯಿತು. 1976ರಲ್ಲಿ ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಜಿಮ್ಮಿ ಕಾರ್ಟರ್ ಇಲ್ಲಿ ಎಲ್ಲ ಅಭ್ಯರ್ಥಿಗಳಿಗಿಂತ ಮುಂದೆ ಬಂದರು. ಅವರಿಗಿಂತ ಹೆಚ್ಚು ಬಂದಿದ್ದು 'ಇನ್ನೂ ಯಾರೂ ಅಂತ ತೀರ್ಮಾನಿಸಿಲ್ಲ' ಅನ್ನುವವರ ಗುಂಪಿಗೆ ಅನ್ನೋದು ತಮಾಷೆ. ಇರಲಿ, ಕಾರ್ಟರ್ ಕೊನೆಗೆ ಅಧ್ಯಕ್ಷರೇ ಆಗಿಬಿಟ್ಟರು. ಅಲ್ಲಿಂದ ಅಯೋವಾಕ್ಕೆ ಕೋಡು ಬಂತು.

ನಾನು ಮೊದಲ ಸಲ ಕಾಕಸ್ ನೋಡಿದ್ದು 2008ರ ಜನವರಿ 3ರಂದು. ನನಗಾಗ ಗ್ರೀನ್ ಕಾರ್ಡ್ ಬಂದು ನಾಲ್ಕು ತಿಂಗಳಾಗಿತ್ತು. ಅದಿದ್ದರೆ ತೆರಿಗೆ ಕಟ್ಟಬಹುದು, ವೋಟು ಹಾಕೋ ಹಾಗಿಲ್ಲ. ಇತ್ತ ಭಾರತದಲ್ಲೂ ಆಗ ಅನಿವಾಸಿಗಳಿಗೆ ವೋಟಿರಲಿಲ್ಲ. ಎರಡೂ ದೇಶದಲ್ಲಿ ಲೆಕ್ಕಕ್ಕಿಲ್ಲದ ಮನುಷ್ಯ. ಪಕ್ಕದ ಮನೆ ಅಜ್ಜಿ, ರಿಟೈರ್ಡ್ ಟೀಚರ್, "ನೋಡೋಕೆ ಯಾರು ಬೇಕಾದರೂ ಬರಬಹುದು, ನಡಿ" ಅಂತ ಕರೆದುಕೊಂಡು ಹೋದರು.

ಶಾಲೆಯ ಬ್ಯಾಸ್ಕೆಟ್ ಬಾಲ್ ಆಡುವ ಹಾಲ್. ಹೊರಗೆ ಮೂಗು ಉದುರಿ ಹೋಗುವಂಥ ಚಳಿ, ಒಳಗೆ ಒದ್ದೆ ಬೂಟು, ಕಾಫಿ, ಉಣ್ಣೆ ಕೋಟಿನ ವಾಸನೆ. ಏಳು ಗಂಟೆಯೊಳಗೆ ಸಾಲಿನಲ್ಲಿ ನಿಂತವರಿಗೆ ಮಾತ್ರ ಪ್ರವೇಶ. ಗೋಡೆಗಳಿಗೆ ಹೆಸರು ಬರೆದ ಹಾಳೆ ಅಂಟಿಸಿದ್ದರು. ಒಬಾಮಾ ಒಂದು ಮೂಲೆ, ಹಿಲರಿ ಕ್ಲಿಂಟನ್ ಒಂದು ಮೂಲೆ, ಜಾನ್ ಎಡ್ವರ್ಡ್ಸ್ ಇನ್ನೊಂದು. ಚೀಟಿ ಇಲ್ಲ, ಮಿಷನ್ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಯಾರು ಬೇಕೋ ಅವರ ಮೂಲೆಗೆ ಹೋಗಿ ನಿಂತುಕೊಳ್ಳೋದು, ತಲೆ ಎಣಿಸೋದು. ಮುಗೀತು! ಕಬಡ್ಡಿಗೆ ಟೀಮು ಮಾಡಿದ ಹಾಗೆ.

ಅಜ್ಜಿ ಹೋಗಿ ನಿಂತದ್ದು ಬ್ಯಾಸ್ಕೆಟ್ಟಿನ ಕೆಳಗಿದ್ದ ಒಂದು ಸಣ್ಣ ಗುಂಪಿನಲ್ಲಿ. ಜೋ ಬೈಡನ್ ಗುಂಪು. ಎಣಿಸಿದರೆ 14 ಜನ.

ಇಲ್ಲೊಂದು ಲೆಕ್ಕ ಇದೆ. ನಮ್ಮಂಥ ವಾರ್ಡಿನಲ್ಲಿ ಸೇರಿದವರ ಪೈಕಿ ಕನಿಷ್ಠ ನೂರಕ್ಕೆ 15 ಜನ ಇಲ್ಲದ ಗುಂಪು ನಿಲ್ಲುವಂತಿಲ್ಲ. ಅವತ್ತು ಬಂದವರು 260. ಅಂದರೆ 39 ಜನ ಬೇಕು. ಕಡಿಮೆ ಇದ್ದವರು ಬೇರೆ ಗುಂಪಿಗೆ ಸೇರಬೇಕು, ಇಲ್ಲವೇ ಮನೆಗೆ ಹೋಗಬೇಕು. ಆಗ ಶುರುವಾಯಿತು ನೋಡಿ ನಿಜವಾದ ಮಜಾ. ಮೂರೂ ಮೂಲೆಗಳಿಂದ ಜನ ಈ 14 ಮಂದಿಯನ್ನು ಕರೆಯೋಕೆ ಬಂದರು, ಮದುವೆಮನೆಯಲ್ಲಿ ಊಟಕ್ಕೆ ಎಬ್ಬಿಸಿದ ಹಾಗೆ. ಅಜ್ಜಿಯ ಹತ್ತಿರ ಮೊದಲು ಬಂದವರು ಎಡ್ವರ್ಡ್ಸ್ ಕಡೆಯ ಒಬ್ಬ ರೈತ, ನಲವತ್ತು ವರ್ಷದ ಪರಿಚಯ. ಆಮೇಲೆ ಕ್ಲಿಂಟನ್ ಕಡೆಯ ಹೆಂಗಸೊಬ್ಬರು, ಅದೇ ಶಾಲೆಯಲ್ಲಿ ಪಾಠ ಮಾಡಿದ ಗೆಳತಿ. ಕೊನೆಗೆ ಒಬಾಮಾ ಕಡೆಯಿಂದ ಒಬ್ಬ ಹದಿನೇಳು ವರ್ಷದ ಹುಡುಗ. ನವೆಂಬರಿನ ಹೊತ್ತಿಗೆ ಹದಿನೆಂಟು ತುಂಬುವವರು ಕಾಕಸ್ಸಿನಲ್ಲಿ ಭಾಗವಹಿಸಬಹುದು. ಅವನು ಯುದ್ಧದ ಬಗ್ಗೆ, ಇರಾಕಿಗೆ ಹೋದ ತನ್ನ ಅಣ್ಣನ ಬಗ್ಗೆ ತೊದಲುತ್ತಾ ಏನೋ ಹೇಳಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿ "ನೀನೇನಂತೀಯ?" ಅಂದರು. ನಾನು ಪ್ರೇಕ್ಷಕ, ಬಾಯಿ ಬಿಡೋ ಹಾಗಿಲ್ಲ! ಸುಮ್ಮನೆ ಭುಜ ಹಾರಿಸಿದೆ. ಅಜ್ಜಿ ಕೋಟು ಎತ್ತಿಕೊಂಡು ಹುಡುಗನ ಹಿಂದೆ ನಡೆದರು.

ಆ ರಾತ್ರಿ ಒಬಾಮಾಗೆ ಸುಮಾರು 38, ಎಡ್ವರ್ಡ್ಸ್ ಮತ್ತು ಕ್ಲಿಂಟನ್ ಇಬ್ಬರಿಗೂ 30ರ ಹತ್ತಿರ ಹತ್ತಿರ ಶೇಕಡಾ ಬಂತು. ಆಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಿಳಿಯರಿದ್ದ ರಾಜ್ಯ ಇದು! ಡೆಮಾಕ್ರಟಿಕ್ ಸಭೆಗಳಿಗೆ ಬಂದವರು ಸುಮಾರು 2,39,000 ಜನ, 2004ರಲ್ಲಿ ಬಂದವರ ಹೆಚ್ಚುಕಡಿಮೆ ಎರಡರಷ್ಟು. ಬೈಡನ್ ಗೆ ಶೇಕಡಾ ಒಂದೂ ಬರಲಿಲ್ಲ, ಅವತ್ತೇ ರಾತ್ರಿ ಕಣದಿಂದ ಹಿಂದೆ ಸರಿದರು.

ಮನೆಗೆ ಬಂದಾಗ ಅಜ್ಜಿಯ ಗಂಡ ಆಗಲೇ ವಾಪಸು ಬಂದು ಟಿವಿ ನೋಡುತ್ತಿದ್ದರು. ಅವರು ರಿಪಬ್ಲಿಕನ್, ಅವರ ಸಭೆ ಬೇರೆ ಕಡೆ. ಅಲ್ಲಿ ಮೂಲೆ ಗೀಲೆ ಇಲ್ಲ, ಭಾಷಣ ಕೇಳಿ ಚೀಟಿಯಲ್ಲಿ ಹೆಸರು ಬರೆದು ಹಾಕಿ ಬರೋದು. "ಯಾರ ಹೆಸರು ಬರೆದ್ರಿ?" ಅಂತ ಅಜ್ಜಿ ಕೇಳಿದರು. ಅಜ್ಜ ರಿಮೋಟು ಒತ್ತುತ್ತಾ ನಕ್ಕರು, ಹೇಳಲಿಲ್ಲ. ನನಗೆ ಥಟ್ಟನೆ ಅಮ್ಮ ನೆನಪಾದಳು.

ಅವತ್ತು ನಾನು ಪೂರ್ತಿ ಕಾಕಸ್ ಭಕ್ತನಾಗಿ ಮನೆಗೆ ಬಂದೆ. ಅಕ್ಕಪಕ್ಕದವರು ಮುಖಕ್ಕೆ ಮುಖ ಕೊಟ್ಟು ವಾದ ಮಾಡಿ, ಮಾರನೇ ದಿನ ಅದೇ ಅಕ್ಕಪಕ್ಕದವರಿಗೆ ಹಿಮ ತೆಗೆಯುವ ಮಿಷನ್ ಕೊಡೋದು ಅಂದರೆ ಇದಪ್ಪಾ ಪ್ರಜಾಪ್ರಭುತ್ವ ಅನ್ನಿಸಿತ್ತು. ಫೋನಿನಲ್ಲಿ ಅಮ್ಮನಿಗೆ ಅರ್ಧ ಗಂಟೆ ಕೊರೆದೆ. ಅವಳು ಎಲ್ಲ ಕೇಳಿ "ಎಲ್ಲರೆದ್ರಿಗಾ?" ಅಂತ ಒಂದೇ ಮಾತು ಕೇಳಿದಳು. "ಹೂಂ, ಮುಚ್ಚುಮರೆ ಇಲ್ಲ" ಅಂದೆ. "ನಿನ್ನಜ್ಜನ ಕಾಲದಲ್ಲಿ ಹಂಗಿದ್ದಿದ್ರೆ ಆಗ್ತಿತ್ತನಾ?" ಅಂದಳು. ನಾನು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಜ್ಜನ ಕಾಲ ಅಂದರೆ ಕಾಗೋಡಿನ ಕಾಲ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ವಿರುದ್ಧ ಎದ್ದು ನಿಂತಿದ್ದು ನಿಮಗೆಲ್ಲ ಗೊತ್ತಿರಬಹುದು. ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಶುರುವಾಗಿ, ಲೋಹಿಯಾ ಬಂದು ಬಂಧನಕ್ಕೊಳಗಾಗುವ ತನಕ ಹೋಯಿತು. ಮಾರನೇ ವರ್ಷ, 1952ರ ಮೊದಲ ಚುನಾವಣೆಯಲ್ಲಿ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದರು. ನನ್ನಜ್ಜ ಕಾಗೋಡಿನವನಲ್ಲ, ಆದರೆ ಅವನೂ ಗೇಣಿದಾರನೇ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಎಲ್ಲ ಪೆಟ್ಟಿಗೆಗಳೂ ಮರೆಯಲ್ಲಿ. ಒಡೆಯರು ಹೊರಗೆ ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರಂತೆ. ಅಜ್ಜ ಅವರಿಗೆ ಕೈ ಮುಗಿದು, ಒಳಗೆ ಹೋಗಿ, ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ, ಹೊರಗೆ ಬಂದು ಇನ್ನೊಂದು ಸಲ ಕೈ ಮುಗಿದು ಬಂದನಂತೆ. ಈ ಕಥೆಯನ್ನು ಅಮ್ಮನಿಗೆ ಹೇಳಿದ್ದು ಅಜ್ಜನೇ. ಆ ಗದ್ದೆ ನಮ್ಮದಾಗಿದ್ದು 1974ರ ಭೂಸುಧಾರಣೆ ಆದ ಮೇಲೆ.

ಈಗ 2016ಕ್ಕೆ ಬರೋಣ. ಅಷ್ಟರಲ್ಲಿ ನಾನೂ ನನ್ನ ಹೆಂಡತಿಯೂ ಇಲ್ಲಿನ ಪ್ರಜೆಗಳಾಗಿದ್ದೆವು. ಫೆಬ್ರವರಿ 1, ಸೋಮವಾರ. ಹಿಲರಿ ಕ್ಲಿಂಟನ್, ಬರ್ನೀ ಸ್ಯಾಂಡರ್ಸ್, ಜೊತೆಗೆ ಮಾರ್ಟಿನ್ ಓಮ್ಯಾಲಿ. ನನಗೆ ಸ್ಯಾಂಡರ್ಸ್ ಕಡೆ ಮನಸ್ಸು. ಸರ್ಕಾರಿ ಕಾಲೇಜುಗಳಲ್ಲಿ ಫೀಸು ತೆಗೆಯುತ್ತೇನೆ ಅನ್ನುತ್ತಿದ್ದರು, ನನ್ನ ಮಗಳು ಹೈಸ್ಕೂಲಿಗೆ ಬಂದಿದ್ದಳು. ಒಂದು ತಿಂಗಳಿಂದ ಮನೆಯಲ್ಲಿ ಅದನ್ನೇ ಹೇಳುತ್ತಿದ್ದೆ, ಥೇಟ್ ಅಪ್ಪನ ಹಾಗೆ. ಹೆಂಡತಿ ಏನೂ ಹೇಳುತ್ತಿರಲಿಲ್ಲ. ಹೆಂಗಸು ಅಧ್ಯಕ್ಷೆ ಆಗಲಿ ಅಂತ ಅವಳು ಕ್ಲಿಂಟನ್ ಕಡೆ ಹೋಗುತ್ತಾಳೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಅದೇ ಶಾಲೆ, ಅದೇ ಹಾಲ್. ಬಾಗಿಲು ದಾಟಿ ನಾಲ್ಕು ಹೆಜ್ಜೆ ಹಾಕಿದ್ದೆ. ಕ್ಲಿಂಟನ್ ಮೂಲೆಯಿಂದ ಯಾರೋ ನನ್ನ ಹೆಸರು ಕೂಗಿದರು. ನೋಡಿದರೆ ನಮ್ಮ ಆಫೀಸಿನ ಮ್ಯಾನೇಜರು. ನನ್ನದೇ ವಾರ್ಡಿನಲ್ಲಿ ಅವರ ಮನೆ ಅಂತ ಗೊತ್ತಿತ್ತು, ಆದರೆ ಅದು ತಲೆಗೇ ಹೊಳೆದಿರಲಿಲ್ಲ. ಎದೆ ಮೇಲೆ ಕ್ಲಿಂಟನ್ ಸ್ಟಿಕರ್, ಮುಖದ ತುಂಬ ನಗು. "ಬಾ ಬಾ" ಅಂತ ಕೈ ಮಾಡಿದರು.

ಮಾರ್ಚಿನಲ್ಲಿ ನಮಗೆ ಅಪ್ರೈಸಲ್. ಅದು ನೆನಪಾಯಿತಾ ಅಂದರೆ ಹೌದು, ನೆನಪಾಯಿತು. ಸುಳ್ಳು ಯಾಕೆ ಹೇಳಲಿ.

ನಾನು ಹೋದೆ. ಹೋಗಿ ಅವರ ಪಕ್ಕ ನಿಂತೆ. ಅವರು ಒಂದು ಸ್ಟಿಕರ್ ಕೊಟ್ಟರು, ಅಂಟಿಸಿಕೊಂಡೆ. ಇವಳು ಎಲ್ಲಿ ಅಂತ ಹಿಂದೆ ತಿರುಗಿದರೆ, ಹಾಲಿನ ಮಧ್ಯದಲ್ಲಿ ಒಬ್ಬಳೇ ನಿಂತು ನನ್ನನ್ನೇ ನೋಡುತ್ತಿದ್ದಳು. ಒಂದು ಐದು ಸೆಕೆಂಡು ಇರಬಹುದು. ಆಮೇಲೆ ತಿರುಗಿ ಸ್ಯಾಂಡರ್ಸ್ ಮೂಲೆಗೆ ನಡೆದು ಹೋದಳು. ಅಲ್ಲಿ ಹೆಚ್ಚಿನವರು ಕಾಲೇಜು ಹುಡುಗರು, ಮಧ್ಯದಲ್ಲಿ ಇವಳ ಹಸಿರು ಶಾಲು.

"ನಿನ್ನ ಹೆಂಡತಿ ಅಲ್ವಾ ಅದು?" ಅಂತ ಮ್ಯಾನೇಜರು ನಕ್ಕರು. ನಾನೂ ನಕ್ಕೆ. ಆ ನಗು ಹೇಗಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಎಣಿಕೆ ಆಯಿತು. ಒಟ್ಟು 288 ಜನ. ಕ್ಲಿಂಟನ್ 148, ಸ್ಯಾಂಡರ್ಸ್ 132, ಓಮ್ಯಾಲಿ 8. ಓಮ್ಯಾಲಿಯವರಿಗೆ 44 ಬೇಕಿತ್ತು, ಗುಂಪು ಒಡೆಯಿತು. ಐದು ಜನ ನಮ್ಮ ಕಡೆ ಬಂದರು, ಮೂರು ಜನ ಆ ಕಡೆ. 153 ಮತ್ತು 135. ನಮ್ಮ ವಾರ್ಡಿಗೆ ಇದ್ದಿದ್ದು ಆರು ಪ್ರತಿನಿಧಿಗಳು. ಗುಂಪಿನ ಸಂಖ್ಯೆಯನ್ನು ಆರರಿಂದ ಗುಣಿಸಿ ಒಟ್ಟು ಜನರಿಂದ ಭಾಗಿಸಿದರೆ ಇತ್ತ 3.19, ಅತ್ತ 2.81. ಎರಡೂ ಕಡೆ ಮೂರು ಮೂರು. ನಾನು ಆ ಮೂಲೆಯಲ್ಲಿ ನಿಂತಿದ್ದರೂ ಮೂರು ಮೂರೇ ಆಗುತ್ತಿತ್ತು. ಅಂದರೆ ನನ್ನ ಹೇಡಿತನದಿಂದ ಯಾರಿಗೂ ನಷ್ಟವಾಗಲಿಲ್ಲ, ಲೆಕ್ಕದ ಪ್ರಕಾರ. ಇಡೀ ರಾಜ್ಯದಲ್ಲೂ ಹಾಗೇ, ಕ್ಲಿಂಟನ್ 49.8, ಸ್ಯಾಂಡರ್ಸ್ 49.6.

ಕಾರಿನಲ್ಲಿ ಸ್ವಲ್ಪ ಹೊತ್ತು ಹೀಟರಿನ ಸದ್ದು ಬಿಟ್ಟರೆ ಏನೂ ಇಲ್ಲ.

"ನೀವು ಬರ್ನೀ ಅಂತಿದ್ರಲ್ಲಾ?"

"ಅವರು ಕರೆದ್ರು..."

"ಹೂಂ, ನೋಡ್ದೆ."

ಅಷ್ಟೇ ಮಾತು. ಮನೆಗೆ ಬಂದು ಸ್ಟಿಕರ್ ಕಿತ್ತು ಬಿಸಾಕಿದೆ, ಸ್ವೆಟರಿನ ನೂಲೂ ಸ್ವಲ್ಪ ಕಿತ್ತು ಬಂತು.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಆ ಮನುಷ್ಯ ಏನೂ ಒತ್ತಾಯ ಮಾಡಲಿಲ್ಲ. ಪರಿಚಯದವನು ಕಂಡ, ಕೈ ಮಾಡಿದರು. ನಾನು ಎದುರಿನ ಮೂಲೆಯಲ್ಲಿ ನಿಂತಿದ್ದರೆ ಮಾರನೇ ದಿನ ಕಾಫಿ ಕುಡೀತಾ ತಮಾಷೆ ಮಾಡಿ ಮರೆತುಬಿಡುತ್ತಿದ್ದರೇನೋ. ಒಡೆಯರು ಇದ್ದದ್ದು ನನ್ನ ತಲೆಯೊಳಗೆ.

ಆ ಭಾನುವಾರ ಅಮ್ಮನಿಗೆ ಎಲ್ಲ ಹೇಳಿದೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಅವಳು ಮೊದಲು ಸುಮ್ಮನಿದ್ದಳು. ಆಮೇಲೆ, "ನಿನ್ನಜ್ಜ ಒಡೇರ್ ಕಣ್ಣೆದ್ರಿಗೇ ಹೋಗಿ ತನಗೆ ಬೇಕಾದಲ್ಲಿ ಹಾಕ್ ಬಂದ. ನೀನು ಅಷ್ಟು ದೂರ ಹೋಗಿ ಒಡೇರ ಪಕ್ಕ ನಿಂತ್ಕಂಡ್ಯನೋ?" ಅಂದಳು. ಅಜ್ಜನಿಗೆ ಪರದೆ ಇತ್ತು, ನನಗಿರಲಿಲ್ಲ ಅಂತ ವಾದ ಮಾಡಿದೆ. "ಅದೇ ಮತ್ತೆ ನಾ ಹೇಳಿದ್ದು" ಅಂದಳು.

ಹೆಂಡತಿ ಧೈರ್ಯವಾಗಿ ಬೇರೆ ಮೂಲೆಗೆ ಹೋದದ್ದನ್ನೂ ಹೇಳಿದೆ. ಸೊಸೆಯನ್ನು ಹೊಗಳುತ್ತಾಳೆ ಅಂದುಕೊಂಡಿದ್ದೆ. ಇಲ್ಲ. "ಪಾಪ, ಅವ್ಳಿಗೆ ಒಂದು ಗುಟ್ಟು ಇಟ್ಕಳಕ್ಕೂ ಬಿಡ್ಲಿಲ್ಲಲ್ಲ ನಿಮ್ಮೂರು" ಅಂದಳು.

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎಲ್ಲರೆದುರು ನಿಲ್ಲುವುದು ಧೈರ್ಯ ಅಂತ ನಾವೆಲ್ಲ ಹೇಳುತ್ತೇವೆ. ಆದರೆ ಧೈರ್ಯ ಇದ್ದವರಿಗೆ ಮಾತ್ರ ವೋಟು ಅಂತ ಎಲ್ಲೂ ಬರೆದಿಲ್ಲವಲ್ಲ? ಅಪ್ರೈಸಲ್ಲಿಗೆ ಹೆದರುವ ನನ್ನಂಥವನಿಗೂ, ಮನೆಯಲ್ಲಿ ಜಗಳ ಬೇಡ ಅನ್ನುವ ಹೆಂಗಸಿಗೂ, ಒಡೆಯರ ಗದ್ದೆ ಉಳುವವನಿಗೂ ಅದು ಇರಬೇಕಲ್ಲ. ಹಾಗೆ ನೋಡಿದರೆ ಆ ಹಾಲಿಗೆ ಬರಲಿಕ್ಕೇ ಆಗದವರು ಎಷ್ಟು ಜನ! ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಸ್ನೇಹಿತೆಯೊಬ್ಬರು ಸೋಮವಾರ ಸಂಜೆ ಏಳಕ್ಕೆ ಎಲ್ಲಿಗೆ ಬರಬೇಕು?

ಹಾಗಂತ 2008ರಲ್ಲಿ ನಾನು ನೋಡಿದ್ದು ಸುಳ್ಳಲ್ಲ. ಆ ಹುಡುಗ ತೊದಲುತ್ತಾ ಮಾತಾಡಿದ್ದು, ಅಜ್ಜಿ ಕೇಳಿ ಮನಸ್ಸು ಬದಲಾಯಿಸಿದ್ದು ಪರದೆ ಹಿಂದೆ ಆಗುವ ಕೆಲಸ ಅಲ್ಲ.

2020ರಲ್ಲಿ ಮತ್ತೆ ಹೋದೆವು. ಮ್ಯಾನೇಜರು ಅಷ್ಟರಲ್ಲಿ ಬೇರೆ ರಾಜ್ಯಕ್ಕೆ ಹೋಗಿದ್ದರು, ಹಾಗಾಗಿ ನನ್ನ ಧೈರ್ಯದ ಮರುಪರೀಕ್ಷೆ ನಡೆಯಲೇ ಇಲ್ಲ! ಪಕ್ಕದ ಮನೆ ಅಜ್ಜಿ ವಾಕರ್ ಹಿಡಿದುಕೊಂಡು ಬಂದು ಮತ್ತೆ ಬೈಡನ್ ಮೂಲೆಯಲ್ಲೇ ಕುರ್ಚಿ ಹಾಕಿಸಿಕೊಂಡರು. ಆ ರಾತ್ರಿ ಫಲಿತಾಂಶ ಕಳಿಸುವ ಮೊಬೈಲ್ ಆಪ್ ಕೈಕೊಟ್ಟು, ಯಾರು ಗೆದ್ದರು ಅಂತ ಹೇಳಲಿಕ್ಕೆ ದಿನಗಟ್ಟಲೆ ಹಿಡಿದು ದೇಶವೆಲ್ಲ ನಕ್ಕಿತು. ಬೈಡನ್ ಇಲ್ಲಿ ನಾಲ್ಕನೆಯವರಾದರೂ ಅದೇ ವರ್ಷ ನವೆಂಬರಿನಲ್ಲಿ ಅಧ್ಯಕ್ಷರಾಗಿ ಗೆದ್ದರು. ಆಮೇಲೆ ಅವರ ಮಾತಿನಂತೆಯೇ ಡೆಮಾಕ್ರಟಿಕ್ ಪಕ್ಷ ಅಯೋವಾವನ್ನು ಮೊದಲ ಸ್ಥಾನದಿಂದ ಇಳಿಸಿ, 2024ಕ್ಕೆ ಸೌತ್ ಕೆರೊಲಿನಾವನ್ನು ಮುಂದೆ ತಂದಿತು. ಅದನ್ನು ನೋಡಲಿಕ್ಕೆ ಅಜ್ಜಿ ಇರಲಿಲ್ಲ. ಇದ್ದಿದ್ದರೆ ಜೋ ಬೈಡನ್ ಗೆ ಖಂಡಿತ ಒಂದು ಕಾಗದ ಬರೆಯುತ್ತಿದ್ದರು.

2024ರ ಜನವರಿ 15ರಂದು ರಿಪಬ್ಲಿಕನ್ನರು ಎಂದಿನಂತೆ, ಭಯಂಕರ ಚಳಿಯಲ್ಲಿ, ಸೇರಿ ಚೀಟಿ ಹಾಕಿದರು. ಡೆಮಾಕ್ರಟಿಕ್ ಸಭೆಗಳು ನಡೆದರೂ ಅಭ್ಯರ್ಥಿಯ ಆಯ್ಕೆಗೆ ಮೂಲೆಗಳಿರಲಿಲ್ಲ. ಕೇಳಿದವರ ಮನೆಗೆ ಅಂಚೆಯಲ್ಲಿ ಕಾರ್ಡು ಬಂತು. ತುಂಬಿ ಕಳಿಸೋದು.

ನಮಗೂ ಎರಡು ಬಂದವು. ರಾತ್ರಿ ಊಟ ಆದ ಮೇಲೆ ಡೈನಿಂಗ್ ಟೇಬಲ್ಲಿನಲ್ಲಿ ಎದುರೆದುರು ಕೂತು ಪೆನ್ನು ತೆಗೆದೆವು. ಸ್ಪರ್ಧೆ ಅಂತ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಹಾಲಿ ಅಧ್ಯಕ್ಷರೇ ನಿಂತಿದ್ದರು. ಆದರೂ ಇವಳು ಎಡಗೈ ಅಡ್ಡ ಇಟ್ಟುಕೊಂಡು, ಪರೀಕ್ಷೆಯಲ್ಲಿ ಪಕ್ಕದವಳು ಕಾಪಿ ಹೊಡೀತಾಳೆ ಅನ್ನೋ ಹಾಗೆ, ಗುರುತು ಹಾಕಿ ಲಕೋಟೆ ಅಂಟಿಸಿದಳು.

ಬಾಯಿ ತುದಿಗೆ ಬಂದಿತ್ತು, "ಯಾರಿಗೆ ಹಾಕ್ದೆ?"

ಕೇಳಲಿಲ್ಲ. ಲಕೋಟೆ ಎರಡನ್ನೂ ತೆಗೆದುಕೊಂಡು ಹೋಗಿ ಟಪಾಲು ಡಬ್ಬಿಗೆ ಹಾಕಿ ಬಂದೆ.